ಗೌಳಿ ಬೆರೆಸಿದರೆ ಅಪರಾಧ, ಸಾಹೇಬರು ಬೆರೆಸಿದರೆ ನಿಯಮ

ಹಾಲು ಕೆಡದಿರಲೆಂದು ಗೌಳಿ ತನ್ನ ಕ್ಯಾನಿಗೆ ಫಾರ್ಮಾಲಿನ್ ಎಂಬ ವಿಷಕಾರಿ ರಾಸಾಯನಿಕ ಹಾಕಿದರೆ ಅಪರಾಧ. ಅದೇ ಕ್ಯಾನಿನಿಂದ ಮಾದರಿ ತೆಗೆದ ಆಹಾರ ಸುರಕ್ಷತಾಧಿಕಾರಿ, ಹಾಲು ಕೆಡದಿರಲೆಂದೇ ಫಾರ್ಮಾಲಿನ್ ಹಾಕಿದರೆ ಅದು ನಿಯಮಪಾಲನೆ. 2011ರ ಆಹಾರ ಸುರಕ್ಷತಾ ನಿಯಮಾವಳಿಯಲ್ಲಿ ಅಳತೆಯೂ ಇದೆ: 25 ಮಿ.ಲೀ. ಹಾಲಿಗೆ 0.1 ಮಿ.ಲೀ., ಅಂದರೆ ಎರಡು ಹನಿ. ಅರ್ಧ ಲೀಟರಿಗೆ 40 ಹನಿ.

ಹನಿ ಬಿದ್ದ ಮೇಲೆ ಸಿಂಗಾರ ಶುರು. ಮಾದರಿ ನಾಲ್ಕು ಪಾಲಾಗಬೇಕು: ಒಂದು ವಿಶ್ಲೇಷಕರಿಗೆ, ಎರಡು ಜಿಲ್ಲೆಯ ಆಹಾರ ಸುರಕ್ಷತೆ ನೋಡಿಕೊಳ್ಳುವ ಅಂಕಿತಾಧಿಕಾರಿಗೆ. ನಾಲ್ಕನೆಯದು, ಗೌಳಿ ಕೇಳಿದರೆ, ಅವನದೇ ಖರ್ಚಿನಲ್ಲಿ ಮಾನ್ಯತೆ ಪಡೆದ ಲ್ಯಾಬಿಗೆ. ಪ್ರತಿ ಬಾಟಲಿಗೂ ಚೀಟಿ, ಮೇಲೆ ದಪ್ಪ ಕಾಗದ, ಕಾಗದದ ಅಂಚಿಗೆ ಗೋಂದು, ತಳದಿಂದ ತಲೆವರೆಗೆ ಇನ್ನೊಂದು ಚೀಟಿ, ಉದ್ದಕ್ಕೂ ಅಡ್ಡಕ್ಕೂ ಹುರಿ, ಗಂಟಿಗೆ ಅರಗು. ಮುದ್ರೆ ನಾಲ್ಕು: ತಲೆಗೊಂದು, ತಳಕ್ಕೊಂದು, ಮೈಗೆರಡು. ಗೌಳಿಯ ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಹೊದಿಕೆಯ ಮೇಲೆ ಬೀಳಬೇಕು. ಮದುವಣಗಿತ್ತಿಗೂ ಇಷ್ಟು ಶಾಸ್ತ್ರವಿಲ್ಲ.

ಈ ಗಡಿಬಿಡಿಯಲ್ಲಿ ಮರೆತುಹೋಗುವುದು ಒಂದು ಸಣ್ಣ ಕೆಲಸ, ತುಂಬುವ ಮುಂಚೆ ಹಾಲನ್ನು ಚೆನ್ನಾಗಿ ಕಲಕುವುದು. ನಿಂತ ಹಾಲಿನಲ್ಲಿ ಕೆನೆ ಮೇಲೇಳುತ್ತದೆ. ಮೇಲಿಂದ ಮೊಗೆದ ಬಾಟಲಿಯಲ್ಲಿ ಫ್ಯಾಟ್ ಜಾಸ್ತಿ, ತಳದ್ದರಲ್ಲಿ ಕಡಿಮೆ. ಒಂದೇ ಕ್ಯಾನಿನ ಹಾಲು ಒಂದು ಬಾಟಲಿಯಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಹಸುವಿನ ಹಾಲಿಗೆ ಫ್ಯಾಟ್ ಶೇ. 3.2, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಶೇ. 8.3 ಇರಲೇಬೇಕಂತೆ. ಇರಲಿ. ಕೋರ್ಟಿನಲ್ಲಿ ಕೇಸು ಬಿದ್ದುಹೋಗುವಂತೆ ಮಾಡಲು ವಕೀಲರಿಗೆ ಕಲಕದ ಒಂದು ಸೌಟು ಸಾಕು.

ವರದಿಗೆ ಕಾನೂನು ಕೊಟ್ಟ ಗಡುವು 14 ದಿನ. ಆಮೇಲೆ ಮೇಲ್ಮನವಿಗೆ 30 ದಿನ, ಅದರಾಚೆ ಮರುಪರೀಕ್ಷೆಗೆ ರೆಫರಲ್ ಲ್ಯಾಬು. ಅಷ್ಟರಲ್ಲಿ ಕ್ಯಾನಿನ ಉಳಿದ ಹಾಲು ಕಾಫಿಯಾಗಿ, ಮೊಸರಾಗಿ, ಮಜ್ಜಿಗೆಯಾಗಿ ಊರವರ ಹೊಟ್ಟೆ ಸೇರಿ ವಾರಗಳೇ ಕಳೆದಿರುತ್ತವೆ.

ಅಲ್ಲಿವರೆಗೆ ಸುಮ್ಮನಿರಬೇಡಿ, ಮನೆಯಲ್ಲೇ ಪರೀಕ್ಷಿಸಿ ಎನ್ನುತ್ತದೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಕೈಪಿಡಿ. ಓರೆ ಹಿಡಿದ ನುಣುಪು ತಟ್ಟೆಗೆ ಒಂದು ಹನಿ ಬಿಡಿ. ಬಿಳಿ ಗೆರೆ ಎಳೆಯುತ್ತ ನಿಧಾನಕ್ಕೆ ಹರಿದರೆ ಹಾಲು, ಗುರುತಿಲ್ಲದೆ ಜಾರಿದರೆ ನೀರು. ಇದು ಸರಿ, ಯಾರು ಬೇಕಾದರೂ ಮಾಡಬಹುದು. ಫಾರ್ಮಾಲಿನ್ ಪತ್ತೆಗೆ? 10 ಮಿ.ಲೀ. ಹಾಲಿರುವ ಪ್ರನಾಳದ ಅಂಚಿನಿಂದ ಎರಡು ಮೂರು ಹನಿ ಸಾರೀಕೃತ ಸಲ್ಫ್ಯೂರಿಕ್ ಆಮ್ಲ, ಅಲುಗಾಡಿಸದೆ. ನೇರಳೆ ಉಂಗುರ ಮೂಡಿದರೆ ಕಲಬೆರಕೆ. ಆಮ್ಲವನ್ನು ಸಾಸಿವೆ ಡಬ್ಬಿಯ ಪಕ್ಕವೇ ಇಟ್ಟುಕೊಂಡರೆ ಕೈಗೆ ಬೇಗ ಸಿಗುತ್ತದೆ! ಅರಗಿನ ಮುದ್ರೆಯ ಸರ್ಕಾರಿ ಬಾಟಲಿಗೆ ಇದೇ ಪರೀಕ್ಷೆ ಮಾಡಿದರೆ ಉಂಗುರ ಗ್ಯಾರಂಟಿ.

2019ರಲ್ಲಿ ಪ್ರಾಧಿಕಾರವೇ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 6,432 ಮಾದರಿಗಳಿದ್ದವು. ಆರೋಗ್ಯಕ್ಕೆ ಕುತ್ತು ತರುವ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಬೂಸ್ಟಿನಿಂದ ಬರುವ ವಿಷ ಅಫ್ಲಾಟಾಕ್ಸಿನ್ ಎಂ1 ಮಿತಿಮೀರಿ ಸಿಕ್ಕಿದ್ದು 368ರಲ್ಲಿ. ಇದನ್ನು ಯಾವ ಗೌಳಿಯೂ ಕ್ಯಾನಿಗೆ ಸುರಿಯುವುದಿಲ್ಲ. ಬೂಸ್ಟು ಹಿಡಿದ ಹಿಂಡಿಯನ್ನೋ ಜೋಳವನ್ನೋ ತಿಂದ ಹಸುವಿನ ಮೈಯಿಂದಲೇ ಹಾಲಿಗಿಳಿಯುತ್ತದೆ. ಕುದಿಸಿದರೆ ಹೋಗದು, ಲ್ಯಾಕ್ಟೋಮೀಟರಿಗೂ ಓರೆ ತಟ್ಟೆಗೂ ಕಾಣದು. ತಡೆಯಲು ಬೇಕಾದ್ದು ಮೊದಲಿಗೆ ಒಣ ಮೇವು, ಹಿಂಡಿ ಮೂಟೆಯ ಅಡಿಗೆ ನೆಲದ ತೇವ ತಾಗದಂತೆ ಎರಡು ಮರದ ಹಲಗೆ. ಹಲಗೆಗೆ ಅರಗು ಎಲ್ಲಿ ಹಚ್ಚಬೇಕೆಂದು ನಿಯಮಾವಳಿ ಹೇಳಿಲ್ಲವಾದ್ದರಿಂದ, ಆ ವಿಷಯ ಸದ್ಯಕ್ಕೆ ಹಸುವಿನ ವಿವೇಚನೆಗೆ ಬಿಟ್ಟದ್ದು.