ಹಣದ ಕೊರತೆ ಕಾರಣವಲ್ಲ

2016ರ ಹಾಲಿವುಡ್ ಭಯಾನಕ ಚಿತ್ರ ‘ಬ್ಲೇರ್ ವಿಚ್’ ಸೋತದ್ದು ಸಣ್ಣ ಬಜೆಟ್‌ನಿಂದ ಎಂದು ನಿಮ್ಮಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಲೇಖಕರು ಹೇಳಿದ ಮಾತನ್ನು ಒಪ್ಪಲಾರೆ. ಅದಕ್ಕೆ ಸುಮಾರು 50 ಲಕ್ಷ ಡಾಲರ್ ಖರ್ಚಾಗಿತ್ತು. 1999ರ ಮೂಲ ಚಿತ್ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ನ ಆರಂಭಿಕ ಚಿತ್ರೀಕರಣ ಮುಗಿದದ್ದು ಅದರ ಒಂದು ಸಣ್ಣ ಪಾಲಿನಲ್ಲಿ! ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕಾಡಿನಲ್ಲಿ ನಟರ ಕೈಗೇ ಕ್ಯಾಮೆರಾ ಕೊಟ್ಟು, ದಿನದಿಂದ ದಿನಕ್ಕೆ ಊಟ ಕಡಿಮೆ ಮಾಡಿ, ರಾತ್ರಿ ಹೊರಗಿನಿಂದ ಅವರ ಡೇರೆಯನ್ನು ಅಲುಗಾಡಿಸುತ್ತಿದ್ದರು. ಆ ಮುಖಗಳ ದಣಿವು, ಸಿಡುಕು, ನಕ್ಷೆ ಕಳೆದುಹೋದಾಗಿನ ಜಗಳ ಎಲ್ಲವೂ ನಿಜವೆನಿಸಿದ್ದು ಅದಕ್ಕೇ. ಕಥೆಯ ಕೇಂದ್ರವಾದ ಮಾಟಗಾತಿ ಅದರಲ್ಲಿ ಒಮ್ಮೆಯೂ ಕಾಣಿಸುವುದಿಲ್ಲ.

ಹೊಸ ಚಿತ್ರದಲ್ಲಿ ಡ್ರೋನ್ ಇದೆ, ಕಿವಿಗೆ ಸಿಕ್ಕಿಸಿಕೊಳ್ಳುವ ಕ್ಯಾಮೆರಾಗಳಿವೆ. ಆದರೆ ಸ್ನೇಹಿತರೇ ಕತ್ತಲಲ್ಲಿ ಏಕಾಏಕಿ ಎದುರಾಗುವುದು, ಜೊತೆಗೆ ಕಿವಿಗಡಚಿಕ್ಕುವ ಸದ್ದು, ಮತ್ತೆ ಮತ್ತೆ ಇದೇ. ಬೆಚ್ಚುವುದು ಬೇರೆ, ಭಯಪಡುವುದು ಬೇರೆ. ಕೊನೆಗೆ ಉದ್ದ ಕೈಕಾಲುಗಳ ಆಕೃತಿಯೊಂದನ್ನು ಕಣ್ಣೆದುರು ನಿಲ್ಲಿಸಿದಾಗಲಂತೂ ಇದ್ದ ಅಂಜಿಕೆಯೂ ಕರಗಿತು. ಕಿರಿದಾದ ಸುರಂಗದಲ್ಲಿ ಲಿಸಾ ಎಂಬ ಪಾತ್ರ ತೆವಳುವ ದೃಶ್ಯ ಮಾತ್ರ ಉಸಿರು ಕಟ್ಟಿಸುತ್ತದೆ, ಅದನ್ನು ಲೇಖನದಲ್ಲಿ ಹೆಸರಿಸಬೇಕಿತ್ತು. ಇಷ್ಟು ಬಲ್ಲ ನಿರ್ದೇಶಕ ಆಡಮ್ ವಿಂಗಾರ್ಡ್ ಉಳಿದ ಕಡೆ ಸದ್ದನ್ನೇ ನಂಬಿದ್ದು ನನಗೆ ನಿಜಕ್ಕೂ ಬೇಸರ ತಂದಿದೆ.