ಗಿಟಾರಿನ ಸಂಕೇತ ರೆಕ್ಟಿಫೈಯರ್ ಟ್ಯೂಬಿನ ಮೂಲಕ ಹಾಯುವುದಿಲ್ಲ
ಹಳೆಯ ಗಿಟಾರ್ ಆಂಪ್ಲಿಫೈಯರ್‌ಗಳ ನಾದಕ್ಕೆ ರೆಕ್ಟಿಫೈಯರ್ ಟ್ಯೂಬೇ ಕಾರಣವೆಂದು ಲೇಖನವೊಂದರಲ್ಲಿ ಬರೆದಿರುವುದು ಅರ್ಧ ಸತ್ಯ. ಗಿಟಾರಿನ ಸಂಕೇತ ಆ ಟ್ಯೂಬಿನ ಮೂಲಕ ಹಾಯುವುದೇ ಇಲ್ಲ. ಟ್ರಾನ್ಸ್‌ಫಾರ್ಮರಿನಿಂದ ಬರುವ ಎಸಿಯನ್ನು (ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು) ಡಿಸಿಗೆ (ಒಂದೇ ದಿಕ್ಕಿನ ವಿದ್ಯುತ್ತು) ಬದಲಿಸುವುದಷ್ಟೇ ಅದರ ಕೆಲಸ. ಆದರೆ 1950ರ ದಶಕದ ಫೆಂಡರ್ ಟ್ವೀಡ್ ಡಿಲಕ್ಸ್ ಆಂಪ್ಲಿಫೈಯರಿನಲ್ಲಿರುವ 5ವೈ3 ಎಂಬ ರೆಕ್ಟಿಫೈಯರ್ ಟ್ಯೂಬಿನ ಒಳರೋಧ ಹೆಚ್ಚಾದ್ದರಿಂದ, ತಂತಿಯನ್ನು ಜೋರಾಗಿ ಮೀಟಿದಾಗ ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ಟ್ಯೂಬುಗಳು ಹೆಚ್ಚು ಕರೆಂಟ್ ಎಳೆದು ವೋಲ್ಟೇಜ್ ಕುಸಿಯುತ್ತದೆ. ಸ್ವರದ ಮೊದಲ ಪೆಟ್ಟು ಮೆತ್ತಗಾಗಿ, ವೋಲ್ಟೇಜ್ ಚೇತರಿಸಿಕೊಂಡಂತೆ ಸ್ವರ ಮತ್ತೆ ಅರಳುತ್ತದೆ. ಮಾರ್ಷಲ್ ಜೆಟಿಎಂ45 ಆಂಪ್ಲಿಫೈಯರಿನ ಜಿಜೆಡ್34 ರೆಕ್ಟಿಫೈಯರ್ ಟ್ಯೂಬಿನಲ್ಲಿ ಈ ಕುಸಿತ ಬಹಳ ಕಡಿಮೆ, ಟ್ಯೂಬಿನ ಬದಲು ಅದೇ ಕೆಲಸ ಮಾಡುವ ಸಿಲಿಕಾನ್ ಡಯೋಡಿನಲ್ಲಂತೂ ಇಲ್ಲವೆನ್ನುವಷ್ಟು. (ಕುಸಿತದಲ್ಲಿ ಟ್ರಾನ್ಸ್‌ಫಾರ್ಮರ್ ಮತ್ತು ಡಿಸಿಯ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರ್‌ಗಳ ಪಾಲೂ ಇದೆ.) ವಾಲ್ಯೂಮ್ ತಗ್ಗಿಸಿ ನುಡಿಸುವವರಿಗೆ ವ್ಯತ್ಯಾಸ ಕೇಳಿಸುವುದು ಅನುಮಾನ. 5ವೈ3 ಜಾಗಕ್ಕೆ ಡಯೋಡ್ ಹಾಕಬಯಸುವವರು, ವೋಲ್ಟೇಜ್ ಏರುವುದರಿಂದ, ಮೊದಲು ಕೆಪಾಸಿಟರ್‌ಗಳ ವೋಲ್ಟೇಜ್ ಮಿತಿಯನ್ನು ಪರೀಕ್ಷಿಸಿಕೊಳ್ಳಬೇಕು.