ನೂರಾರು ಎಚ್‌ಪಿ, ಎರಡೇ ಗೇರು

ಕೊಡಗಿನಲ್ಲಿ ಮಾರಾಟಕ್ಕಿರುವ ಹಳೇ ಕಾರುಗಳನ್ನೆಲ್ಲ ಓಡಿಸಿದ್ದು ಡಾಕ್ಟರುಗಳೇ. ಬೇಕಾದರೆ ಬ್ರೋಕರನ್ನು ಕೇಳಿ ನೋಡಿ. "ಡಾಕ್ಟರ್ ಇಟ್ಕೊಂಡಿದ್ದ ಗಾಡಿ ಸಾರ್. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿನಿಂದ ಮನೆ, ಅಷ್ಟೇ." ಕಳೆದ ಬೇಸಿಗೆಯಲ್ಲಿ ನಾನು ನೋಡಿದ ಹನ್ನೊಂದು ಕಾರುಗಳಲ್ಲಿ ಒಂಬತ್ತು ಡಾಕ್ಟರದ್ದು, ಒಂದು ರಿಟೈರ್ಡ್ ಕರ್ನಲ್‌ದು. ಉಳಿದ ಒಂದು ಮಾತ್ರ ಸಾಮಾನ್ಯ ಮನುಷ್ಯನದು, ಆ ತಪ್ಪಿಗೆ ಅದಕ್ಕೆ ಮೂವತ್ತು ಸಾವಿರ ಕಡಿಮೆ. ಇಷ್ಟೊಂದು ಡಾಕ್ಟರುಗಳು ಕಾರು ಮಾರಿ ಎಲ್ಲಿಗೆ ಹೋದರೋ ದೇವರೇ ಬಲ್ಲ. ಯಾರಿಗಾದರೂ ಎದೆನೋವು ಜೋರಾದರೆ ನಾವು ಮಾತ್ರ ಈಗಲೂ ಆಂಬುಲೆನ್ಸ್ ಹತ್ತಿಸಿಕೊಂಡು ಮೈಸೂರಿಗೋ, ಘಟ್ಟ ಇಳಿದು ಮಂಗಳೂರಿಗೋ ಓಡುತ್ತೇವೆ.

ನಾನು ಕಾರು ನೋಡಲು ಹೊರಟದ್ದಕ್ಕೆ ಕಾರಣ ಕಾಫಿ. ರೋಬಸ್ಟಾ ಚೆರಿ, ಎಂದರೆ ಸಿಪ್ಪೆಸಮೇತ ಒಣಗಿಸಿದ ರೋಬಸ್ಟಾ ಕಾಫಿ, ಎಷ್ಟೋ ವರ್ಷ ಐವತ್ತು ಕೆಜಿ ಚೀಲಕ್ಕೆ ಮೂರು, ಮೂರೂವರೆ ಸಾವಿರದ ಸುತ್ತಲೇ ಗಿರಕಿ ಹೊಡೆಯುತ್ತಿತ್ತು. 2025ರ ಆರಂಭದಲ್ಲಿ ಹತ್ತು ಸಾವಿರ ದಾಟಿತು ನೋಡಿ, ಊರಿಗೆ ಊರೇ ತಲೆತಿರುಗಿತು. ಬುದ್ಧಿವಂತರು ಸಾಲ ತೀರಿಸಿದರು. ದೊಡ್ಡ ತೋಟದವರು ಹೊಸ ಕಾರು ತಂದರು. ನಾಲ್ಕೇ ಏಕರೆಯ ನನಗೆ ಅಕ್ಕನ ಮಗ ಬೇರೆ ದಾರಿ ತೋರಿಸಿದ. "ಮಾವಾ, ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಪರ್ಫಾರ್ಮೆನ್ಸ್ ಕಾರು ತಗೊಳ್ಳಿ. ನಾವೇ ಬಿಚ್ಚೋಣ, ನಾವೇ ರಿಪೇರಿ, ನಾವೇ ಮಾಡಿಫೈ." ಹುಡುಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ಕಂಪ್ಯೂಟರ್ ಸೈನ್ಸು. ಅವನ ಕೈಯಲ್ಲಿ ಸ್ಪ್ಯಾನರ್ ಇದ್ದದ್ದನ್ನು ನಾನು ಕಂಡಿಲ್ಲ. ಸ್ಪ್ಯಾನರ್ ಹಿಡಿದವರ ವಿಡಿಯೋ ಮಾತ್ರ ಒಂದನ್ನೂ ಬಿಟ್ಟಿಲ್ಲ.

ಅವನು ಕೊಟ್ಟ ಪಟ್ಟಿ ಕೇಳಿದರೆ ಯಾರಿಗೂ ಬಾಯಲ್ಲಿ ನೀರೂರಬೇಕು. ಫಿಯೆಟ್ ಪಾಲಿಯೋ 1.6, ನೂರು ಎಚ್‌ಪಿ, ಎಂದರೆ ನೂರು ಕುದುರೆಯ ಬಲ. 2004ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಲೀಟರ್ ಟರ್ಬೋ, 150. ಫೋಕ್ಸ್‌ವ್ಯಾಗನ್ ಪೋಲೋ ಜಿಟಿ. 2015ರ ಅಬಾರ್ತ್ ಪುಂಟೋ, 145 ಎಚ್‌ಪಿ, ಅದೂ ಶೋರೂಂ ಬೆಲೆ ಹತ್ತು ಲಕ್ಷದೊಳಗೆ. ಫಿಯೆಟ್ ಕಾರುಗಳು ಈಗ ಇಲ್ಲಿ ಹೊಸದಾಗಿ ಸಿಗುವುದೇ ಇಲ್ಲ, ಆದ್ದರಿಂದ ಸಣ್ಣ ಕನ್ನಡಿಗೂ ಗುಜರಿಯೇ ಗತಿ ಎಂಬುದನ್ನು ಹುಡುಗ "ರೇರ್ ಆಗಿದೆ ಮಾವಾ" ಎಂಬ ಒಂದೇ ಮಾತಿನಲ್ಲಿ ಮುಚ್ಚಿಹಾಕಿದ. ನನಗೆ ಬೇಕಿದ್ದದ್ದು ಜಿಪ್ಸಿ. 1.3 ಲೀಟರ್, 80 ಎಚ್‌ಪಿ, ಯಾವ ಮೆಕ್ಯಾನಿಕ್ ಕಾಕನೂ ಕಣ್ಣುಮುಚ್ಚಿ ಬಿಚ್ಚುವ ಎಂಜಿನ್ನು. ಆದರೆ ಕೊಡಗಿನಲ್ಲಿ ಜಿಪ್ಸಿ ಮಾರುವವರುಂಟೇ? ಇಲ್ಲಿ ಅದನ್ನು ಆಸ್ತಿ ಪಾಲಾಗುವಾಗ ಪತ್ರದಲ್ಲಿ ಬರೆಸಿಕೊಳ್ಳುತ್ತಾರೆ.

ಕೊನೆಗೆ 1,40,000ಕ್ಕೆ ಒಂದು ಹಳೇ ಸೆಡಾನ್ ಗಟ್ಟಿಯಾಯಿತು. ಕಂಪನಿಯ ಹೆಸರು ಬರೆಯುವುದಿಲ್ಲ, ಬರೆದರೆ ಅದರ ಅಭಿಮಾನಿಗಳು ಮನೆಗೇ ಬರುತ್ತಾರೆ. ಪೆಟ್ರೋಲು, ಐದು ಗೇರು, ಎಚ್‌ಪಿ ನೂರಾರು. ಎಂದರೆ ನೂರ ಆರು, ಅದಕ್ಕಿಂತ ಹೆಚ್ಚಿಲ್ಲ.

ಎಚ್‌ಪಿ ಎಂದರೆ ನಮ್ಮ ಮನೆಯಲ್ಲಿ ಪಂಪ್‌ಸೆಟ್ಟು. ಅಮ್ಮ ಕೂತಲ್ಲೇ ಲೆಕ್ಕ ಹಾಕಿದಳು. "ನಮ್ಮ ಪಂಪು ಐದು ಎಚ್‌ಪಿ. ಇದರಲ್ಲಿ ಇಪ್ಪತ್ತೊಂದು ಪಂಪಿನ ಶಕ್ತಿ ಉಂಟು. ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲು ಹೊಳೆಬದಿಗೆ ತಂದು ನಿಲ್ಲಿಸು ಮಗಾ." ಆಗ ನಗು ಬಂದಿತ್ತು. ಈಗ ಯೋಚಿಸಿದರೆ, ಆ ಕಾರಿಗೆ ಈ ಜಿಲ್ಲೆಯಲ್ಲಿ ಬೇರೆ ಮರ್ಯಾದಸ್ತ ಕೆಲಸ ಯಾವುದೂ ಇರಲಿಲ್ಲ.

ಯಾಕೆಂದರೆ ಮೂರ್ನಾಡಿನಿಂದ ಮಡಿಕೇರಿಗೆ ಹೋಗುವಾಗ ಎರಡನೇ ಗೇರು, ಬರುವಾಗ ಎರಡನೇ ಗೇರು, ಧೈರ್ಯ ಬಂದ ದಿನ ಮೂರು. ನಾಲ್ಕನೇ ಗೇರು ಹಾಕಬೇಕೆಂಬ ಹರಕೆ ಇದ್ದವರು ಸುಂಟಿಕೊಪ್ಪ ದಾಟಿ ಆನೆಕಾಡಿನ ನೇರ ರಸ್ತೆಗೇ ಹೋಗಬೇಕು. ಅಲ್ಲಿ ಹೆಸರಿಗೆ ತಕ್ಕವರು ರಸ್ತೆಗಿಳಿದಿರದಿದ್ದರೆ ಹರಕೆ ಸಂದಾಯ. ಐದನೇ ಗೇರಿಗೆ ಜಿಲ್ಲೆಯ ಗಡಿ ದಾಟುವುದೇ ಒಳ್ಳೆಯದು.

ಹೋಗಲಿ, ಆ ನೂರ ಆರಾದರೂ ಪೂರ್ತಿ ಇದೆಯೇ? ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಟರ್ಬೋ ಇಲ್ಲದ ಎಂಜಿನ್ನಿಗೆ ಉಸಿರು ಸಾಲದೆ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಬಲ ಸೋರಿಹೋಗುತ್ತದೆ. ಅಂದರೆ ನನ್ನ ಹತ್ತು ಕುದುರೆಗಳನ್ನು ಮಂಗಳೂರಿನಲ್ಲೇ ಕಟ್ಟಿಹಾಕಿ ಬಂದ ಹಾಗೆ. ಹುಡುಗ ಆರು ಸಾವಿರದ ಏರ್ ಫಿಲ್ಟರ್ ತರಿಸಿ "ನಾಲ್ಕು ಎಚ್‌ಪಿ ಜಾಸ್ತಿಯಾಗುತ್ತೆ" ಎಂದ. ಆರು ಸಾವಿರ ಖರ್ಚು ಮಾಡಿಯೂ ಘಟ್ಟದ ಬುಡದ ಸಂಪಾಜೆಯಲ್ಲಿ ಇದೇ ಕಾರು ಓಡಿಸುವ ಬಡಪಾಯಿಗಿಂತ ನಾನು ಆರು ಕುದುರೆ ಹಿಂದೆ. "ಅದಕ್ಕೇ ಹೇಳಿದ್ದು, ಟರ್ಬೋ ತಗೊಳ್ಳೋಣ ಅಂತ" ಎಂದು ಅವನು ಮುಖ ಊದಿಸಿದ. ಮಾತು ಸುಳ್ಳಲ್ಲ, ಟರ್ಬೋ ತೆಳುಗಾಳಿಯನ್ನು ಒತ್ತಿ ತುಂಬಿಕೊಳ್ಳುತ್ತದೆ. ಆದರೆ ಹಳೇ ಟರ್ಬೋ ಕೈಕೊಟ್ಟರೆ ಆ ವರ್ಷದ ಬೋನಸ್ಸನ್ನು ತೋಟದ ಕೆಲಸದವರಿಗಲ್ಲ, ಕಾಕನಿಗೆ ಕೊಡಬೇಕು.

ಕಾಕ ಅಂದರೆ ನಮ್ಮ ಮೆಕ್ಯಾನಿಕ್. ಮಾಮೂಲಿ ದಿನ ನನ್ನನ್ನು "ಸಾರ್" ಎನ್ನುತ್ತಾನೆ. "ಸಾಹುಕಾರ್ರೇ" ಅಂದನೆಂದರೆ ಬಿಲ್ಲು ಹತ್ತು ಸಾವಿರ ದಾಟಿತೆಂದೇ ಅರ್ಥ. ಕಾರು ಕೊಳ್ಳುವ ಮೊದಲು ಅವನೊಂದು ಉಪದೇಶ ಮಾಡಿದ್ದ. ಅಯಸ್ಕಾಂತ ಒಯ್ಯಿರಿ, ಬಾಡಿಯ ಮೇಲೆಲ್ಲ ಅಂಟಿಸಿ ನೋಡಿ, ನಿಲ್ಲದ ಕಡೆ ತಗಡಿಲ್ಲ, ಪುಟ್ಟಿ. ನಮ್ಮ ಮನೆಯಲ್ಲಿದ್ದದ್ದು ಫ್ರಿಜ್ಜಿಗೆ ಅಂಟಿಸಿದ್ದ ತಲಕಾವೇರಿಯ ಚಿತ್ರದ ಅಯಸ್ಕಾಂತ, ಅದನ್ನೇ ಒಯ್ದೆ. ಎರಡು ಬಾಗಿಲಿನಲ್ಲಿ ಕಾವೇರಮ್ಮ ಕಚ್ಚಿ ನಿಂತಳು. ಎಡ ಫೆಂಡರಿನಲ್ಲಿ ಜಾರಿದಳು. ಹಿಂದಿನ ಚಕ್ರದ ಮೇಲಂತೂ ಇಟ್ಟೊಡನೆ ನೆಲಕ್ಕಿಳಿದಳು. "ಹರಿಯುವುದು ಅಮ್ಮನ ಗುಣ ಅಲ್ವಾ ಸಾರ್" ಎಂದ ಬ್ರೋಕರು. ಕಾಲಡಿಯ ಕಾರ್ಪೆಟ್ ಎತ್ತಿದೆ. ಒದ್ದೆ. ಮೂಲೆಯಲ್ಲಿ ಸಣ್ಣ ಬಿಳಿ ಅಣಬೆಯೊಂದು ಕೊಡೆ ಬಿಡಿಸಿಕೊಂಡು ನಿಂತಿತ್ತು. ಅದಕ್ಕೆ ಬ್ರೋಕರು ಏನೂ ಹೇಳಲಿಲ್ಲ, ಐದು ಸಾವಿರ ಇಳಿಸಿದ.

ಬುದ್ಧಿ ಇದ್ದವನು ಅಲ್ಲಿಂದಲೇ ಬಸ್ಸು ಹತ್ತಬೇಕಿತ್ತು. ನಾನು ಕಾಗದಪತ್ರ ನೋಡಿದೆ, ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಇರಲಿಲ್ಲ, ಅಷ್ಟಕ್ಕೇ ಗೆದ್ದೆನೆಂದುಕೊಂಡೆ. ಹದಿನೈದು ವರ್ಷ ದಾಟಿದ ಕಾರಿನ ರಿಜಿಸ್ಟ್ರೇಷನ್ ನವೀಕರಣಕ್ಕೆ ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಹಿಂದಿನವರು ಅದನ್ನು ಕಟ್ಟಿಯಾಗಿತ್ತು, ಇನ್ನೇನು ಬೇಕು? ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿದ್ದಕ್ಕೆ "ಡಾಕ್ಟರ್ ಎಲ್ಲಾ ಟೈಮಿಗೆ ಸರಿಯಾಗಿ ಮಾಡ್ತಿದ್ರು" ಎಂಬ ಉತ್ತರ ಬಂತು. ಆ ಉತ್ತರ ಕೇಳಿದ ದಿನವೇ ಬೆಲ್ಟ್ ಬದಲಾಯಿಸಿ. ಓಡುವಾಗ ಅದು ತುಂಡಾದರೆ ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಮುಗಿಯುತ್ತದೆ. ಈ ಲೇಖನದಲ್ಲಿ ತಮಾಷೆಗಲ್ಲದೆ ಬರೆದ ಮಾತು ಇದೊಂದೇ.

ಇನ್ನು ಸ್ವಂತ ರಿಪೇರಿ. ಬಿಸಿಲಿನ ದೇಶದಲ್ಲಿ ಗ್ಯಾರೇಜಿನ ಮುಂದೆ ಬನಿಯನ್ ತೊಟ್ಟು ನಿಂತು ರಿಪೇರಿ ಮಾಡುವವರ ವಿಡಿಯೋ ನೋಡಿ ನಾವು ಸಾಮಾನು ತರಿಸಿದ್ದು ಜೂನ್ ತಿಂಗಳಲ್ಲಿ. ಕೊಡಗಿಗೆ ರೈಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊರಟ ಸಸ್ಪೆನ್ಷನ್ ಬುಷ್ಷುಗಳು ಬಸ್ಸಿನಲ್ಲಿ ಮಡಿಕೇರಿಗೆ ಬಂದಿಳಿದ ದಿನ ಕರೆಂಟು ಹೋಯಿತು, ಐದು ದಿನ ಬರಲಿಲ್ಲ. ಕಾಫಿ ಕಣದ ಬದಿಯ ಶೆಡ್ಡಿನಲ್ಲಿ ಜಾಕಿ ಕೊಟ್ಟು, ಚಕ್ರಕ್ಕೆ ಕಲ್ಲು ಇಟ್ಟು, ಗೋಣಿಚೀಲ ಹಾಸಿಕೊಂಡು ನಾನು ಅಡಿಗೆ ನುಗ್ಗಿದೆ. ಹುಡುಗ ಮೊಬೈಲ್ ಟಾರ್ಚ್ ಹಿಡಿದ. ಹದಿನೇಳು ನಂಬರಿನ ಬೋಲ್ಟು ತುಕ್ಕು ಹಿಡಿದು ಕೂತಿತ್ತು, ಎರಡೂ ಕೈಯಲ್ಲಿ ಸ್ಪ್ಯಾನರ್ ಎಳೆಯುತ್ತಿದ್ದೆ. ಕುತ್ತಿಗೆಯ ಹತ್ತಿರ ತಣ್ಣಗೆ ಏನೋ ಹರಿದ ಹಾಗಾಯಿತು. ಆಯಿಲ್ ತೊಟ್ಟಿಕ್ಕಿತು ಎಂದುಕೊಂಡೆ. ಬೋಲ್ಟು ಬಿಟ್ಟಮೇಲೆ ಮುಟ್ಟಿ ನೋಡಿದರೆ ಜಿಗಣೆ, ಕುಡಿದು ಕುಡಿದು ಕಾಫಿಹಣ್ಣಿನ ಗಾತ್ರವಾಗಿತ್ತು. ಸುಣ್ಣ ತರಲು ಹೋದ ಹುಡುಗ ಟಾರ್ಚನ್ನೂ ಒಯ್ದ. ಆ ಕತ್ತಲೆಯಲ್ಲಿ, ಒಂದೂಕಾಲು ಟನ್ ಪರ್ಫಾರ್ಮೆನ್ಸಿನ ಅಡಿಯಲ್ಲಿ ಮಲಗಿ, ಆ ದಿನ ಶೆಡ್ಡಿನಲ್ಲಿ ಪರ್ಫಾರ್ಮೆನ್ಸ್ ತೋರಿಸಿದ್ದು ಯಾರು ಎಂದು ಯೋಚಿಸಿದೆ.

ಇಲಿಯ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಜುಲೈನಲ್ಲಿ ಬಾನೆಟ್ ತೆಗೆದರೆ ಬ್ಯಾಟರಿಯ ಪಕ್ಕ ಕಾಫಿ ಸಿಪ್ಪೆಯ ಗೂಡು, ಗೂಡಿನ ಒಳಗೆ ಆರು ಸಾವಿರದ ಏರ್ ಫಿಲ್ಟರಿನ ಚೂರುಗಳನ್ನು ಮೆತ್ತಗೆ ಹಾಸಿದ್ದರು. ನಾಲ್ಕು ಎಚ್‌ಪಿ ಅಲ್ಲಿ ಮರಿ ಹಾಕಿತ್ತು. ಅಂದಿನಿಂದ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟಿದ್ದೇವೆ, ಹೀಟರ್ ಹಾಕಿದರೆ ಕಾರಿನ ಒಳಗೆ ಅಜ್ಜನ ವಾಸನೆ ಬರುತ್ತದೆ.

ಇಷ್ಟೆಲ್ಲ ಆದಮೇಲೆ ನಾನು ಕಾನೂನು ಓದಿದೆ. ಕೊಳ್ಳುವ ಮೊದಲೇ ಓದಬೇಕಿತ್ತು, ಆದರೆ ಹಾಗೆ ಓದುವವರು ಇಂಥ ಕಾರು ಕೊಳ್ಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ದಂಡವನ್ನೂ ಗೊತ್ತುಮಾಡಿದೆ: ಮಾಲೀಕ ಮಾಡುವ ಅಕ್ರಮ ಬದಲಾವಣೆ ಒಂದೊಂದಕ್ಕೂ ₹5,000, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆನೆ ಅಡ್ಡಬರುವ ಊರಿನಲ್ಲಿ ಮುಂದೆ ಒಂದು ಕಬ್ಬಿಣದ ಗಾರ್ಡ್ ಹಾಕಿಸೋಣವೆಂದರೆ ಅದನ್ನೂ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅಕ್ರಮ ಎಂದಿದೆ.

ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಂಶಯ ಒಂದೇ. ಈ ಜಿಲ್ಲೆಯಲ್ಲಿ ಗಾಡಿ ಮಾಡಿಫೈ ಮಾಡುತ್ತಿರುವುದು ಮಾಲೀಕನೇ?

ನಮ್ಮ ಜಂಕ್ಷನ್ನಿನ ರೋಡ್ ಹಂಪನ್ನೇ ತೆಗೆದುಕೊಳ್ಳಿ. ರಸ್ತೆಗಳ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಹಂಪುಗಳಿಗೂ ಅಳತೆ ಬರೆದಿಟ್ಟಿದೆ. 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಚಹಾ ಚೆಲ್ಲದೆ ದಾಟಬೇಕು. ಚಹಾದ ಮಾತು ನನ್ನದು, ಅಳತೆ ಅವರದು. ನಮ್ಮ ಹಂಪು ಒಂದೂವರೆ ಅಡಿ ಅಗಲ, ಮುಕ್ಕಾಲು ಅಡಿ ಎತ್ತರ. ಯಾರೋ ಬಿದ್ದರು, ಯಾರೋ ಕೂಗಾಡಿದರು, ಯಾರದೋ ಮನೆ ಕಟ್ಟಿ ಉಳಿದ ಜಲ್ಲಿ ಸಿಮೆಂಟು ಇತ್ತು, ಬೆಳಗಾಗುವಷ್ಟರಲ್ಲಿ ಹಂಪು ಹುಟ್ಟಿತ್ತು. ಬಿಳಿ ಪಟ್ಟೆಯಿಲ್ಲ, ಬೋರ್ಡಿಲ್ಲ. ಮಂಜಿನಲ್ಲಂತೂ ಆನೆಮರಿ ಮಲಗಿದ ಹಾಗೆ ಕಾಣುತ್ತದೆ, ಕಾಣುವುದೂ ಹತ್ತಿದ ಮೇಲೆ. ಹೆದ್ದಾರಿಯನ್ನು ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಬದಲಾಯಿಸಿದ್ದಕ್ಕೆ ದಂಡ ಯಾರಿಗೆ, ಎಷ್ಟು, ಯಾವ ಸೆಕ್ಷನ್?

ಆ ಒಂದು ಮಳೆಗಾಲದಲ್ಲಿ ನನ್ನ ಕಾರಿಗೆ ಆದ ಬದಲಾವಣೆಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಹುಡುಗ ಹದಿನೆಂಟು ಸಾವಿರದ ಸ್ಪ್ರಿಂಗ್ ಹಾಕಿಸಿ ಕಾರನ್ನು ತಗ್ಗಿಸಬೇಕೆಂದಿದ್ದ, ಮೇಕೇರಿ ಕಡೆಯ ಗುಂಡಿಗಳು ಒಂದು ಪೈಸೆ ಕೇಳದೆ ತಗ್ಗಿಸಿಕೊಟ್ಟವು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿ ಹಿಡಿದರೆ ಕಾರು ನೇರ ಹೋಗುತ್ತದೆ. ಬಲಗಡೆಯ ಹೆಡ್‌ಲೈಟು ರಸ್ತೆ ಬಿಟ್ಟು ಸಿಲ್ವರ್ ಓಕ್ ಮರದ ಮೆಣಸಿನ ಬಳ್ಳಿಗೆ ಬೆಳಕು ಬಿಡುತ್ತದೆ, ಈ ಸಲ ಫಸಲು ಚೆನ್ನಾಗಿದೆ ಎಂದು ಗೊತ್ತಾದದ್ದು ಹಾಗೆ. ಬಂಪರನ್ನು ಬೈಂಡಿಂಗ್ ವೈರಿನಲ್ಲಿ ಕಟ್ಟಿದ್ದೇನೆ. ನಂಬರ್ ಪ್ಲೇಟಿನ ಕೆಎ 12 ಉಳಿದಿದೆ, ಮುಂದಿನದ್ದು ಅರ್ಧ ಮುರಿದಿದೆ. ಕೊನೆಯದು ಸೈಲೆನ್ಸರು. ಹಂಪಿನ ನೆತ್ತಿಗೆ ತಾಗಿ ಪೈಪಿನ ಜಾಯಿಂಟ್ ಬಿಟ್ಟ ರಾತ್ರಿ, ಆ ಕಾರಿಗೆ ಮೊಟ್ಟಮೊದಲ ಬಾರಿಗೆ ರ‍್ಯಾಲಿ ಕಾರಿನ ದನಿ ಬಂತು. ಹುಡುಗನ ಕಣ್ಣಲ್ಲಿ ನೀರು. "ಮಾವಾ, ಇದೇ ಸೌಂಡಿಗೆ ಬೆಂಗಳೂರಿನಲ್ಲಿ ಮೂವತ್ತು ಸಾವಿರ."

ಒಟ್ಟು ಆರು ಬದಲಾವಣೆ. ಐದೈದು ಸಾವಿರದಂತೆ ಮೂವತ್ತು ಸಾವಿರ. ಇನ್ನು ಇಪ್ಪತ್ತೆರಡು ಬದಲಾವಣೆ ಆದರೆ ದಂಡವೂ ಕಾರಿನ ಬೆಲೆಯೂ ಸಮಸಮ. ಒಂದೊಳ್ಳೆ ಆಗಸ್ಟ್ ಸಾಕು.

ಮೊನ್ನೆ ಸಂಜೆ ಜಂಕ್ಷನ್ ದಾಟಿ ಸ್ವಲ್ಪ ಮುಂದೆ ಪೊಲೀಸರ ಚೆಕಿಂಗ್ ಇತ್ತು. ನನ್ನ ದನಿ ಎರಡು ತಿರುವು ಹಿಂದೆಯೇ ಕೇಳಿಸಿತ್ತೆಂದು ಕಾಣುತ್ತದೆ, ಕಾರು ತಲುಪುವ ಮೊದಲೇ ಕೈ ಅಡ್ಡ ಬಂದಿತ್ತು.

"ಸೈಲೆನ್ಸರ್ ಮಾಡಿಫೈ ಮಾಡಿಸಿದ್ದೀರಲ್ಲ?"

"ನಾನಲ್ಲ ಸಾರ್. ಹಂಪು."

ಅವರು ಬಗ್ಗಿ ನೋಡಿದರು. ನೇತಾಡುವ ಪೈಪು ನೋಡಿದರು, ಬಂಪರಿನ ಬೈಂಡಿಂಗ್ ವೈರ್ ನೋಡಿದರು. ಎದ್ದು ತಮ್ಮ ಜೀಪಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಅದರ ಬಂಪರಿಗೂ ವೈರ್ ಸುತ್ತಿತ್ತು, ನನ್ನದಕ್ಕಿಂತ ಎರಡು ಸುತ್ತು ಜಾಸ್ತಿ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು ಕಿಟಕಿಗೆ ಬಾಗಿ ದನಿ ತಗ್ಗಿಸಿದರು.

"ನಮ್ಮ ಹುಡುಗನ ಬೈಕಿಗೂ ಇಂಥದ್ದೇ ಸೌಂಡ್ ಬೇಕಂತೆ. ಯಾವ ಹಂಪು ಅಂದ್ರಿ?"